ದಾವಣಗೆರೆಯಿಂದ ಕರಾವಳಿಗೆ ವ್ಯಾನಿನಲ್ಲಿ: ಮೊದಲು ರಾತ್ರಿಯ ಲೆಕ್ಕ ಹಾಕಿ

ಏಪ್ರಿಲ್ ಬಂತಂದ್ರೆ ಸಾಕು, ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. "ಮಕ್ಕಳಿಗೆ ರಜೆ ಬಿತ್ತು. ವ್ಯಾನಿನಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡ್ಕೊಂಡು, ಸಮುದ್ರದ ದಂಡೆಗುಂಟ ಒಂದು ವಾರ ಸುತ್ತಬೇಕು. ಹೆಂಗೆ ಮಾಡೋದು?" ದಾವಣಗೆರೆಯವರು ಕೇಳುತ್ತಾರೆ, ಹರಿಹರದವರು ಕೇಳುತ್ತಾರೆ, ದುರ್ಗದಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಪೂರ್ತಿ ಬರೆದುಬಿಡುವುದು ಮೇಲು ಅನ್ನಿಸಿತು.

ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಹಗಲಿನ ಪಟ್ಟಿ ಇರುತ್ತದೆ. ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ. ರಾತ್ರಿ ಎಲ್ಲಿ ಅಂದರೆ "ಎಲ್ಲಾದ್ರೂ ನಿಲ್ಲಿಸಿದ್ರಾಯ್ತು" ಅನ್ನುತ್ತಾರೆ. ವ್ಯಾನ್ ಪ್ರವಾಸ ಕೆಡುವುದು ಅಲ್ಲೇ. ಎರಡು ರಾತ್ರಿ ನಿದ್ದೆ ಕೆಟ್ಟರೆ ಮೂರನೇ ದಿನ ಮಕ್ಕಳು ಅಳುತ್ತಾರೆ, ಗಾಡಿ ಓಡಿಸುವವರ ಕಣ್ಣು ಎಳೆಯುತ್ತದೆ, ಸಮುದ್ರ ಎದುರಿಗಿದ್ದರೂ ಯಾರಿಗೂ ಬೇಡ. ಅದಕ್ಕೇ ನಾನು ಹೇಳುವುದು ಇಷ್ಟು: ಒಂದು ಹಾಳೆ ತಗೊಳ್ಳಿ, ಮೊದಲು ರಾತ್ರಿಗಳನ್ನು ಬರೆಯಿರಿ. ಹಗಲನ್ನು ಆಮೇಲೆ ಅದರ ನಡುವೆ ಕೂರಿಸಿ.

ಕ್ಯಾಂಪರ್‌ವ್ಯಾನ್ ಅಂದರೆ ಮಲಗಲು ಜಾಗ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬೇರೆ ಬ್ಯಾಟರಿ ಇರುವ ವ್ಯಾನು. ಕೆಲವಕ್ಕೆ ಒಳಗೇ ಶೌಚಾಲಯ ಇರುತ್ತದೆ. ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದವು ಜಾಸ್ತಿ. ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿಕೊಂಡ ಓಮ್ನಿ, ಈಕೋಗಳನ್ನೂ ನಾನು ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ಇಬ್ಬರೇ ಹೋಗುವುದಾದರೆ ಅವು ಧಾರಾಳ ಸಾಕು.

1. ಗಾಡಿ ಮತ್ತು ಕಾಗದ

ಬಾಡಿಗೆಗೆ ತರುವುದಾದರೆ ಮೊದಲು ನಂಬರ್ ಪ್ಲೇಟ್ ನೋಡಿ. ನೀವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತ ಬರುವ ಟ್ಯಾಕ್ಸಿಗೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಬಿಳಿ ಪ್ಲೇಟಿನ ಗಾಡಿಯನ್ನು "ಗುರುತಿನವರದ್ದು, ಕಡಿಮೆಗೆ ಮಾಡ್ಕೊಡ್ತೀವಿ" ಅಂತ ಕೊಡುವವರಿದ್ದಾರೆ. ಬೇಡ. ದಾರಿಯಲ್ಲಿ ಏನಾದರೂ ಆಗಿ, ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟದ್ದು ಗೊತ್ತಾದರೆ ವಿಮೆ ಹಣ ನಿಂತುಹೋಗಬಹುದು.

ಲೈಸೆನ್ಸ್ ಬಗ್ಗೆ ಎಲ್ಲರಿಗೂ ಅನುಮಾನ. ಕಾರಿಗೆ ಇರುವ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸಿನಲ್ಲೇ ಒಟ್ಟು ತೂಕ 7,500 ಕಿಲೋಗಿಂತ ಕಡಿಮೆ ಇರುವ ಸಾರಿಗೆ ವಾಹನವನ್ನೂ ಓಡಿಸಬಹುದು. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದನ್ನು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆ. ಒಟ್ಟು ತೂಕ ಅಂದರೆ ಗಾಡಿ, ಜನ, ಸಾಮಾನು ಎಲ್ಲ ಸೇರಿ. ಅದು ಆರ್‌ಸಿಯಲ್ಲೇ ಬರೆದಿರುತ್ತದೆ. ಆದರೆ ಲೈಸೆನ್ಸ್ ಬೇರೆ, ಕೈಯಳತೆ ಬೇರೆ. ಸಣ್ಣ ಕಾರು ಓಡಿಸಿದವರಿಗೆ ಉದ್ದದ ವ್ಯಾನಿನ ಹಿಂಭಾಗ ಎಲ್ಲಿ ತಿರುಗುತ್ತದೆ ಅನ್ನುವುದು ಅಂದಾಜಿಗೆ ಸಿಗಲು ಒಂದು ದಿನ ಬೇಕು.

ಸ್ವಂತ ಗಾಡಿಯನ್ನು ಬದಲಾಯಿಸುವವರಿಗೆ ಒಂದು ಎಚ್ಚರಿಕೆ. ಪಿ.ಬಿ. ರೋಡಿನ ಗ್ಯಾರೇಜಿನಲ್ಲಿ ಸೀಟು ಬಿಚ್ಚಿಸಿ ಮಂಚ ಕೂರಿಸುವುದು ಸುಲಭ. ಆದರೆ ಆರ್‌ಸಿಯಲ್ಲಿ ಬರೆದಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು. ಹಲಗೆ ಹಾಸಿ, ಬೇಕಾದಾಗ ಎತ್ತಿಡುವ ಹಾಸಿಗೆಯಾದರೆ ತಲೆನೋವು ಕಡಿಮೆ.

ಬಾಡಿಗೆ ಮಾತಾಡುವಾಗ ಇಷ್ಟು ಕೇಳಿ, ಬರೆಸಿಕೊಳ್ಳಿ: ದಿನಕ್ಕೆ ಎಷ್ಟು ಕಿಲೋಮೀಟರ್, ಮೀರಿದರೆ ಎಷ್ಟು. ನಡುದಾರಿಯಲ್ಲಿ ಕೆಟ್ಟರೆ ಯಾರು ಬರುತ್ತಾರೆ. ಘಾಟಿ ಇಳಿಸಲು ಒಪ್ಪಿಗೆ ಇದೆಯಾ. ಗಾಡಿಯ ಎತ್ತರ ಎಷ್ಟು. ಈ ಎತ್ತರದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಕರಾವಳಿಯಲ್ಲಿ ಹೆದ್ದಾರಿಯಿಂದ ಊರೊಳಗೆ ಹೋಗುವ ದಾರಿಗಳು ಅಲ್ಲಲ್ಲಿ ಕೊಂಕಣ ರೈಲಿನ ಸೇತುವೆ ಕೆಳಗೆ ನುಗ್ಗುತ್ತವೆ. ಅಂಥ ಕಡೆ ಬೋರ್ಡಿನ ಅಂಕಿ ಮತ್ತು ಚೀಟಿಯ ಅಂಕಿ ಹೋಲಿಸಿದರೆ ಮುಗೀತು, ಇಳಿದು ಅಳೆಯುವ ಕೆಲಸ ಇಲ್ಲ.

2. ಯಾವಾಗ ಹೊರಡಬೇಕು

ಏಪ್ರಿಲ್ ಎರಡನೇ ವಾರದಿಂದ ಮೇ 20ರ ಒಳಗೆ. ಮೇ ಕೊನೆಗೆ ಕಡಲು ಉಬ್ಬಲು ಶುರು. ಜೂನ್ ಮೊದಲ ವಾರಕ್ಕೆ ಮುಂಗಾರು ಬಂದೇಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಮೇ ತಿಂಗಳಲ್ಲೇ ಸಂಜೆ ಹೊತ್ತು ಗುಡುಗು ಮಳೆ ಹೊಡೆಯುವುದುಂಟು. ವೈಪರ್ ರಬ್ಬರ್ ಈಗಲೇ ಬದಲಾಯಿಸಿ.

ಶನಿವಾರ, ಭಾನುವಾರ ಗೋಕರ್ಣ ಮತ್ತು ಮುರುಡೇಶ್ವರದಲ್ಲಿ ಇರದ ಹಾಗೆ ನೋಡಿಕೊಳ್ಳಿ. ಉದ್ದದ ಗಾಡಿಗೆ ಅವತ್ತು ಅಲ್ಲಿ ಜಾಗ ಸಿಗುವುದಿಲ್ಲ. ಶುಕ್ರವಾರ ಊರಿಂದ ಹೊರಟು ಭಾನುವಾರವನ್ನು ಉಡುಪಿ ಸುತ್ತಮುತ್ತ ಕಳೆದರೆ, ವಾರದ ನಡುವೆ ಉತ್ತರ ಕನ್ನಡಕ್ಕೆ ತಲುಪುತ್ತೀರಿ.

3. ದಾರಿ: ಸಮುದ್ರ ಎಡಕ್ಕಿರಲಿ

ಬಹಳ ಜನ ದಾವಣಗೆರೆಯಿಂದ ಹಾವೇರಿ, ಶಿರಸಿ ಮೇಲೆ ಕುಮಟಾಕ್ಕೆ ಇಳಿದು, ಅಲ್ಲಿಂದ ಮಂಗಳೂರಿನ ಕಡೆ ಹೋಗುತ್ತಾರೆ. ನಾನು ಇದನ್ನು ತಿರುಗಿಸಿ ಮಾಡಿ ಅನ್ನುತ್ತೇನೆ. ಕಾರಣ ಸರಳ. ನಾವು ಎಡಗಡೆ ಗಾಡಿ ಓಡಿಸುವವರು. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಸಮುದ್ರ ಎಡಕ್ಕೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಈಗ ಬಹುಪಾಲು ನಾಲ್ಕು ಪಥ, ನಡುವೆ ವಿಭಜಕ. ಸಮುದ್ರ ಬಲಕ್ಕಿದ್ದರೆ ಪ್ರತಿ ಸಲ ದಂಡೆಗೆ ಹೋಗಲು ಮುಂದೆಲ್ಲೋ ಹೋಗಿ ಯು ತಿರುವು ಹೊಡೆದು, ಎದುರಿನ ಲಾರಿಗಳ ನಡುವೆ ಉದ್ದದ ವ್ಯಾನು ನುಗ್ಗಿಸಬೇಕು. ಎಡಕ್ಕಿದ್ದರೆ ಸುಮ್ನೆ ಎಡಕ್ಕೆ ತಿರುಗಿದರಾಯಿತು. ಇನ್ನೊಂದು ಲಾಭ ಇದೆ. ವ್ಯಾನುಗಳ ಜಾರು ಬಾಗಿಲು ಎಡಕ್ಕಿರುತ್ತದೆ. ಮೂತಿ ಉತ್ತರಕ್ಕಿಟ್ಟು ನಿಲ್ಲಿಸಿದರೆ ಬಾಗಿಲು ನೇರ ಕಡಲಿಗೆ ತೆರೆಯುತ್ತದೆ, ಮಕ್ಕಳು ರಸ್ತೆ ಕಡೆ ಇಳಿಯುವುದಿಲ್ಲ.

ನನ್ನ ಮಾರ್ಗ ಹೀಗೆ: ದಾವಣಗೆರೆ, ಹೊನ್ನಾಳಿ, ಶಿವಮೊಗ್ಗ. ಚಿತ್ರದುರ್ಗದವರು ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗಕ್ಕೆ ಬನ್ನಿ. ಅಲ್ಲಿಂದ ರಿಪ್ಪನ್‌ಪೇಟೆ, ಹೊಸನಗರ, ನಗರ, ಬಾಳೆಬರೆ ಘಾಟಿ, ಸಿದ್ದಾಪುರ, ಕುಂದಾಪುರ. ಅಲ್ಲಿಂದ ದಕ್ಷಿಣಕ್ಕೆ ಉಡುಪಿ ದಾಟಿ ಪಡುಬಿದ್ರಿವರೆಗೆ ಒಂದೇ ಏಟಿಗೆ ಹೋಗಿಬಿಡಿ. ಅಲ್ಲಿ ತಿರುಗಿ ಉತ್ತರಕ್ಕೆ ಹೊರಟರೆ ಕಾಪು, ಮಲ್ಪೆ, ಮರವಂತೆ, ಬೈಂದೂರು, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ಎಲ್ಲ ಎಡಕ್ಕೆ ಸಿಗುತ್ತವೆ. ವಾಪಸ್ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿ, ಹಾವೇರಿ, ರಾಣೇಬೆನ್ನೂರು, ಮನೆ.

ಆಗುಂಬೆ ಯಾಕೆ ಬೇಡ ಅಂತ ಕೇಳುತ್ತಾರೆ. ಅಲ್ಲಿ 14 ಕಡಿದಾದ ತಿರುವುಗಳಿವೆ, ಭಾರಿ ವಾಹನಗಳಿಗೆ ನಿಷೇಧ ಇದೆ. ಪುಟ್ಟ ಬಸ್ಸುಗಳೇನೋ ಓಡಾಡುತ್ತವೆ, ಆದರೆ ಅವರು ದಿನಾ ಓಡಿಸುವವರು. ಓಮ್ನಿಯಲ್ಲಿ ಹೋಗುವವರು ಖಂಡಿತ ಆಗುಂಬೆಯಲ್ಲೇ ಇಳಿಯಿರಿ, ಚೆಂದದ ದಾರಿ. ಉದ್ದದ ವ್ಯಾನನ್ನು ಮೊದಲ ಸಲ ಹಿಡಿದವರು ಬಾಳೆಬರೆಯಲ್ಲಿ ಇಳಿಯಿರಿ. ಯಾವ ಘಾಟಿಯಾದರೂ ಹಿಂದಿನ ದಿನ ಒಮ್ಮೆ ವಿಚಾರಿಸಿ. ಕೆಲಸ ನಡೆಯುತ್ತಿದ್ದರೆ ಅಥವಾ ಗುಡ್ಡ ಜರಿದಿದ್ದರೆ ಜಿಲ್ಲಾಡಳಿತ ಸಂಚಾರ ನಿಲ್ಲಿಸಿರುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂದಿದ್ದು ನೆನಪಿದೆಯಲ್ಲ. ಮಳೆ ಜೋರಾಗಿ ಹಿಡಿದರೆ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಲೇಬೇಡಿ.

4. ರಾತ್ರಿಗಳು

ಆರು ದಿನಕ್ಕೆ ಐದು ರಾತ್ರಿ. ಐದೂ ವ್ಯಾನಿನಲ್ಲೇ ಅಂತ ಹಟ ಬೇಡ. ಮೂರು ವ್ಯಾನಿನಲ್ಲಿ, ಎರಡು ರೂಮಿನಲ್ಲಿ ಅಂದುಕೊಳ್ಳಿ. ರೂಮಿನ ರಾತ್ರಿ ಎಲ್ಲರೂ ತಲೆಗೆ ನೀರು ಹಾಕ್ಕೊಳ್ಳಬಹುದು, ಬಟ್ಟೆ ಒಗೆಯಬಹುದು, ಬ್ಯಾಟರಿ ಪೂರ್ತಿ ತುಂಬಿಸಬಹುದು.

ಮೊದಲ ರಾತ್ರಿ ಘಾಟಿಯ ಮೇಲೆ, ಹೊಸನಗರದ ಆಸುಪಾಸು. ಅವತ್ತೇ ಇಳಿದುಬಿಡುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಮಲೆನಾಡಿನಲ್ಲಿ ರಾತ್ರಿ ತಂಪಾಗುತ್ತದೆ, ವ್ಯಾನಿನ ನಿದ್ದೆ ರೂಢಿಯಾಗಲು ಅದೇ ಒಳ್ಳೆಯ ಜಾಗ. ಸಂಜೆ ಹೊತ್ತಿದ್ದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಈಗಿನ ನಗರದ ಕೋಟೆ ನೋಡಿ. ಎರಡನೇ ರಾತ್ರಿ ಕಾಪು ಮತ್ತು ಪಡುಬಿದ್ರಿ ನಡುವೆ. ಮೂರನೆಯದು ಬೈಂದೂರು ಹತ್ತಿರ, ರೂಮು. ನಾಲ್ಕನೆಯದು ಹೊನ್ನಾವರದ ಕಾಸರಕೋಡು ಕಡೆ. ಐದನೆಯದು ಗೋಕರ್ಣದಲ್ಲಿ, ಮತ್ತೆ ರೂಮು. ಗೋಕರ್ಣದ ಪೇಟೆ ಬೀದಿಗಳು ಇಕ್ಕಟ್ಟು. ವ್ಯಾನನ್ನು ಊರ ಹೊರಗೆ ಬಿಟ್ಟು ಆಟೋದಲ್ಲಿ ಹೋಗುವುದೇ ಸರಿ.

ಇನ್ನು ಎಲ್ಲಿ ನಿಲ್ಲಿಸಬೇಕು? ಇದೇ ದೊಡ್ಡ ವಿಷಯ. ಸಮುದ್ರದ ಅಂಚಿನಲ್ಲಿ, ಯಾರೂ ಇಲ್ಲದ ಕಡೆ, ಫೋಟೋದಲ್ಲಿ ಕಾಣುವ ಹಾಗೆ ನಿಲ್ಲಿಸುವುದು ಬೇಡ. ಕರಾವಳಿ ಕಾವಲು ಪೊಲೀಸರು ಸುತ್ತು ಹಾಕುತ್ತಾರೆ, ನಡುರಾತ್ರಿ ಗಾಜು ಬಡಿದು ಏಳಿಸುತ್ತಾರೆ. ಅವರು ಮಾಡುವುದು ಸರಿಯೇ, ಅದು ಅವರ ಕೆಲಸ. ಅರಣ್ಯದೊಳಗೆ ನಿಲ್ಲಿಸುವಂತಿಲ್ಲ. ಮೀನುಗಾರಿಕೆ ಬಂದರಿನ ಹತ್ತಿರವೂ ಬೇಡ. ಬೆಳಗಿನ ಜಾವಕ್ಕೇ ಮೀನಿನ ಲಾರಿಗಳ ಗದ್ದಲ ಶುರು, ನಿಮ್ಮಿಂದ ಅವರಿಗೂ ತೊಂದರೆ. ಕಾರವಾರದವರೆಗೆ ಹೋಗುವವರು ಅರ್ಗಾ ಕಡೆಯ ನೌಕಾನೆಲೆ ಬೇಲಿ ಪಕ್ಕ ನಿಲ್ಲಿಸಬಾರದು, ಫೋಟೋ ತೆಗೆಯಬಾರದು.

ನನಗೆ ಯಾವತ್ತೂ ಕೈಕೊಡದ ಜಾಗ ಅಂದರೆ ಹೋಂಸ್ಟೇಯ ಅಂಗಳ. ಎರಡು ದಿನ ಮುಂಚೆ ಫೋನ್ ಮಾಡಿ ಹೀಗೆ ಹೇಳಿ: "ನಮ್ಮದು ದಾವಣಗೆರೆ. ನಾವು ನಾಲ್ಕು ಜನ, ಎರಡು ಮಕ್ಕಳು. ರೂಮು ಬೇಡ್ರಿ. ನಿಮ್ಮ ಅಂಗಳದಲ್ಲಿ ಒಂದು ರಾತ್ರಿ ವ್ಯಾನ್ ನಿಲ್ಲಿಸ್ತೀವಿ. ಬಚ್ಚಲು, ಶೌಚಾಲಯ ಬಳಸ್ತೀವಿ. ರಾತ್ರಿ ಊಟ, ಬೆಳಗ್ಗೆ ತಿಂಡಿ ನಿಮ್ಮಲ್ಲೇ. ಎಷ್ಟು ಕೊಡಬೇಕು?" ಊಟ ಅಲ್ಲೇ ಮಾಡುತ್ತೇವೆ ಅಂದರೆ ಒಪ್ಪುವವರು ಜಾಸ್ತಿ. ಬೆಳಗ್ಗೆ ನೀರುದೋಸೆಯೂ ಸಿಗುತ್ತದೆ, ನಿಮ್ಮ ಗ್ಯಾಸೂ ಉಳಿಯುತ್ತದೆ.

ಒಪ್ಪಿದ ಮೇಲೆ ಇನ್ನೂ ಮೂರು ಮಾತು ಕೇಳಿ. ಗೇಟಿನ ಅಗಲ ಎಷ್ಟು? ಮೇಲೆ ಕರೆಂಟಿನ ತಂತಿ ಎಷ್ಟು ಎತ್ತರದಲ್ಲಿದೆ? ಅಂಗಳ ಸಮತಟ್ಟಾ? ಒಂದು ಸಲ ನಾನು ಇದನ್ನು ಕೇಳದೆ ಹೋಗಿ, ಕತ್ತಲಲ್ಲಿ ಗೇಟಿನ ಮುಂದೆ ತಂತಿ ನೋಡಿ, ಅರ್ಧ ಕಿಲೋಮೀಟರ್ ಹಿಂದಕ್ಕೇ ಬಂದಿದ್ದೇನೆ. ಓಣಿಯಲ್ಲಿ ತಿರುಗಿಸಲು ಜಾಗ ಇರಲಿಲ್ಲ.

ಹೋಂಸ್ಟೇ ಸಿಗದಿದ್ದರೆ ಹೆದ್ದಾರಿ ಪಕ್ಕದ ದೊಡ್ಡ ಪೆಟ್ರೋಲ್ ಬಂಕ್. ಅಲ್ಲೇ ಡೀಸೆಲ್ ಹಾಕಿಸಿ, ಮ್ಯಾನೇಜರ್ ಹತ್ತಿರ ಕೇಳಿ, ಪಂಪುಗಳಿಂದ ದೂರ ನಿಲ್ಲಿಸಿ. ಅಲ್ಲಿ ಒಲೆ ಹಚ್ಚುವ ಯೋಚನೆಯನ್ನೇ ಮಾಡಬೇಡಿ. ದೇವಸ್ಥಾನದ ಪಾರ್ಕಿಂಗ್ ಕೂಡ ಒಳ್ಳೆಯದು, ಕಚೇರಿಯಲ್ಲಿ ಕೇಳಿದ ಮೇಲೆ ಮಾತ್ರ.

ನಿಲ್ಲಿಸುವಾಗ ತಲೆ ಎತ್ತಿ ನೋಡಿ. ನಮ್ಮ ಕಡೆ ಬೇವಿನ ನೆರಳು ಕಂಡರೆ ಗಾಡಿ ಹಾಕಿ ರೂಢಿ. ಅಲ್ಲಿ ನೆರಳು ಅಂದರೆ ತೆಂಗು, ಇಲ್ಲವೇ ಮೇ ತಿಂಗಳಲ್ಲಿ ಹಣ್ಣು ಬಿಟ್ಟ ಹಲಸು. ಎರಡರ ಕೆಳಗೂ ಬೇಡ. ಒಂದು ಕಾಯಿ ಬಿದ್ದರೆ ಮುಂದಿನ ಗಾಜು ಹೋಯಿತು, ಆ ಹೊತ್ತಿಗೆ ಯಾರಾದರೂ ಇಳಿಯುತ್ತಿದ್ದರೆ ಇನ್ನೇನು ಗತಿ? ಆಮೇಲೆ ಒಂದು ತಟ್ಟೆಯಲ್ಲಿ ನೀರು ಹಾಕಿ ವ್ಯಾನಿನ ನೆಲದ ಮೇಲಿಡಿ. ನೀರು ಯಾವ ಕಡೆ ವಾಲುತ್ತದೋ ಆ ಕಡೆ ಕಾಲು, ಎದುರು ಕಡೆ ತಲೆ. ಮೂತಿ ಹೊರಗೆ ಹೋಗುವ ದಾರಿಗೆ ಇರಲಿ. ಬೀಗದ ಕೈ ಒಂದೇ ಜಾಗದಲ್ಲಿರಲಿ, ಅದು ಎಲ್ಲಿದೆ ಅಂತ ದೊಡ್ಡವರಿಬ್ಬರಿಗೂ ಗೊತ್ತಿರಲಿ.

5. ಗಾಳಿ ಮತ್ತು ಕರೆಂಟು

ನಮ್ಮೂರ ಬಿಸಿಲು ಒಣ ಬಿಸಿಲು. ಮಧ್ಯಾಹ್ನ ಸುಡುತ್ತದೆ, ಆದರೆ ಬೆಳಗಿನ ಜಾವಕ್ಕೆ ಮಾಳಿಗೆ ಮೇಲೆ ಹೊದಿಕೆ ಎಳೆದುಕೊಳ್ಳುತ್ತೀವಿ. ಕರಾವಳಿಯಲ್ಲಿ ಥರ್ಮಾಮೀಟರ್ ನಮ್ಮಲ್ಲಿಗಿಂತ ಕಡಿಮೆಯೇ ತೋರಿಸಬಹುದು. ಆದರೆ ಗಾಳಿಯಲ್ಲಿ ನೀರು ತುಂಬಿರುತ್ತದೆ, ಬೆವರು ಆರುವುದಿಲ್ಲ, ರಾತ್ರಿಯೂ ಅಷ್ಟೇ. ಅದಕ್ಕೇ ಒಂದು ತಪ್ಪು ಬಹಳ ಜನ ಮಾಡುತ್ತಾರೆ: ಮನೆಯ ಸಣ್ಣ ಕೂಲರ್ ಹಾಕ್ಕೊಂಡು ಹೋಗುತ್ತಾರೆ. ಕೂಲರ್ ತಂಪು ಮಾಡುವುದೇ ನೀರು ಆರಿಸಿ. ಅಲ್ಲಿಯ ಗಾಳಿಗೆ ಅದು ಇನ್ನಷ್ಟು ಜಿಗುಟು ಸೇರಿಸುತ್ತದೆ. ಮನೆಯಲ್ಲೇ ಬಿಡಿ.

ಬೇಕಾಗುವುದು ಓಡುವ ಗಾಳಿ. ಹಗಲು ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ನಿಧಾನಕ್ಕೆ ತಿರುಗಿ ನೆಲದಿಂದ ಸಮುದ್ರಕ್ಕೆ. ಹಾಗಾಗಿ ಎರಡೂ ಬದಿ ಕಿಟಕಿ ತೆರೆದಿರಬೇಕು, ಎರಡಕ್ಕೂ ಸೊಳ್ಳೆ ಪರದೆ ಬೇಕು. ಅಂಚಿಗೆ ಮ್ಯಾಗ್ನೆಟ್ ಹೊಲಿಸಿದ ಪರದೆ ಮಾಡಿಸಿಕೊಳ್ಳಿ, ತಗಡಿಗೆ ತಾನೇ ಅಂಟಿಕೊಳ್ಳುತ್ತದೆ. ಎರಡು 12 ವೋಲ್ಟ್ ಫ್ಯಾನ್ ಇಡಿ. ಒಂದು ಗಾಳಿ ಒಳಗೆ ತರಲಿ, ಇನ್ನೊಂದು ಹೊರಗೆ ತಳ್ಳಲಿ. ಫೋಮ್ ಹಾಸಿಗೆ ಬೆನ್ನು ಬೇಯಿಸುತ್ತದೆ. ಅದರ ಮೇಲೆ ಒಂದು ಚಾಪೆ, ಚಾಪೆ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಇಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಬ್ಯಾಟರಿ ಲೆಕ್ಕ ಕಷ್ಟವಲ್ಲ. ಮನೆ ಬ್ಯಾಟರಿ ಅಂದರೆ ಎಂಜಿನ್ ಬ್ಯಾಟರಿಗೆ ಸಂಬಂಧ ಇಲ್ಲದೆ ಫ್ಯಾನು, ದೀಪಕ್ಕೆ ಇಡುವುದು. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವಾಟ್-ಅವರ್ ಇರುತ್ತದೆ. ವಾಟ್-ಅವರ್ ಅಂದರೆ ಒಂದು ವಾಟ್ ಒಂದು ಗಂಟೆ ಓಡುವಷ್ಟು ಕರೆಂಟು. ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಅಲ್ಲಿಗೆ ಕೈಗೆ ಸಿಗುವುದು 600. 20 ವಾಟಿನ ಎರಡು ಫ್ಯಾನ್ ಒಂಬತ್ತು ಗಂಟೆ ಓಡಿದರೆ 360. ನಾಲ್ಕು ಫೋನು, ದೀಪ ಸೇರಿ 100 ಹಿಡಿಯಿರಿ. ಸಾಕಾಗುತ್ತದೆ. ಎಸಿ ಬೇಕು ಅನ್ನುವವರಿಗೆ: 1,000 ವಾಟಿನ ಸಣ್ಣ ಎಸಿ ಇದೇ ಬ್ಯಾಟರಿಯಲ್ಲಿ ಸುಮಾರು ಅರ್ಧ ಗಂಟೆ ಓಡುತ್ತದೆ, ಅಷ್ಟೇ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸೆಕೆ ತಡೆಯಲಾರದೆ ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಗಾಜು ಏರಿಸಿ ಮಲಗಬೇಡಿ. ಒಳಗಾಗಲಿ ಪಕ್ಕದಲ್ಲಾಗಲಿ ಜನರೇಟರ್ ಓಡಿಸಿಕೊಂಡು ಮಲಗಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಹೀಗೇ ಪ್ರಾಣ ಬಿಟ್ಟರು. ಈ ಅನಿಲ ಪತ್ತೆ ಮಾಡಿ ಕೂಗುವ ಸಣ್ಣ ಅಲಾರಂ ಸಿಗುತ್ತದೆ. ತಲೆ ಎತ್ತರಕ್ಕೆ ಒಂದು ಅಂಟಿಸಿ. ಸೆಕೆ ತೀರಾ ಜಾಸ್ತಿಯಾದರೆ ಅವತ್ತು ರೂಮು ತಗೊಳ್ಳಿ.

6. ನೀರು, ಒಲೆ, ಶೌಚ

ಕುಡಿಯಲು, ಅಡುಗೆಗೆ ದಿನಕ್ಕೆ ತಲೆಗೆ ಐದು ಲೀಟರ್. ನಾಲ್ವರಿಗೆ 20 ಲೀಟರಿನ ಒಂದು ಕ್ಯಾನ್ ದಿನಾ ಬೇಕು. ತೊಳೆಯುವ ನೀರು ಬೇರೆ ಟ್ಯಾಂಕಿನಲ್ಲಿರಲಿ. ಸಮುದ್ರಕ್ಕೆ ಅಂಟಿಕೊಂಡ ಕೆಲವು ಕಡೆ ಬೇಸಿಗೆಯಲ್ಲಿ ಬಾವಿ ನೀರು ಸವುಳಾಗುತ್ತದೆ, ನಾಲಿಗೆಗೆ ಹಾಕಿ ನೋಡಿ ತುಂಬಿಸಿ.

ಮನೆಯ 14.2 ಕಿಲೋ ಸಿಲಿಂಡರ್ ವ್ಯಾನಿಗೆ ಹಾಕಬೇಡಿ. 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿಡಿ. ಅಡುಗೆ ಮಾಡುವುದು ಬಾಗಿಲು ತೆರೆದು, ಸಾಧ್ಯವಾದರೆ ಹೊರಗೆ. ನಿಜ ಹೇಳಬೇಕೆಂದರೆ ವ್ಯಾನಿನಲ್ಲಿ ಚಹಾ, ಅನ್ನ, ಸಾರಿಗಿಂತ ಹೆಚ್ಚಿನದು ಬೇಡ. ಮಧ್ಯಾಹ್ನ ಉಡುಪಿಯ ಕೃಷ್ಣ ಮಠ, ಇಡಗುಂಜಿ ಇಂಥ ಕಡೆ ಪ್ರಸಾದದ ಊಟ ಇದೆ. ಎಳನೀರಿಗೆ ಅಲ್ಲಿ ಸೀಯಾಳ ಅನ್ನುತ್ತಾರೆ, ಮಂಗಳೂರು ಕಡೆಗೆ ಹೋದಂತೆ ಬೊಂಡ. ಮೇ ತಿಂಗಳಲ್ಲಿ ಅಂಕೋಲಾ ಸೀಮೆಯ ಕರಿ ಇಶಾಡು ಮಾವು ಸಿಕ್ಕರೆ ಬಿಡಬೇಡಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಸಿಪ್ಪೆ ತೆಳು, ಸಿಹಿ ಗಾಢ, ಎರಡು ದಿನಕ್ಕಿಂತ ಹೆಚ್ಚು ಇಡಲು ಹೋಗಬೇಡಿ.

ಮನೆಯಿಂದ ಒಯ್ಯುವ ತಿಂಡಿ ಬಗ್ಗೆ ಒಂದು ಮಾತು. ದಾವಣಗೆರೆಯವರು ಮಂಡಕ್ಕಿ ಚೀಲ ಇಲ್ಲದೆ ಊರು ಬಿಡುವುದಿಲ್ಲ. ಘಾಟಿ ಮೇಲೆ ತೆರೆದ ಚೀಲದಲ್ಲಿ ಗರಿಗರಿಯಾಗಿದ್ದ ಮಂಡಕ್ಕಿ, ಕೆಳಗಿಳಿದು ಮಧ್ಯಾಹ್ನ ಕೈ ಹಾಕಿದರೆ ಹತ್ತಿಯ ಹಾಗೆ ಮೆತ್ತಗೆ ಒತ್ತಿಕೊಳ್ಳುತ್ತದೆ, ಹಲ್ಲಿಗೆ ಸದ್ದೇ ಇಲ್ಲ. ಖಡಕ್ ರೊಟ್ಟಿಯದೂ ಅದೇ ಕಥೆ. ಒಂದೊಂದು ಹೊತ್ತಿಗಾಗುವಷ್ಟು ಬೇರೆ ಬೇರೆ ಪೊಟ್ಟಣ ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಶೇಂಗಾ ಚಟ್ನಿಪುಡಿಗೆ ಒದ್ದೆ ಚಮಚ ತಾಗಿಸಬೇಡಿ.

ಒಳಗೆ ಡಬ್ಬಿ ಶೌಚಾಲಯ, ಅಂದರೆ ಕೆಳಗಿನ ಡಬ್ಬಿ ಎಳೆದು ತೆಗೆದು ಖಾಲಿ ಮಾಡುವಂಥದ್ದು ಇದ್ದರೆ ರಾತ್ರಿ ಮಕ್ಕಳಿಗೆ ಮಾತ್ರ ಬಳಸಿ. ಹಗಲು ಪೆಟ್ರೋಲ್ ಬಂಕ್‌ಗಳ ಶೌಚಾಲಯ ಇದೆ. ಡಬ್ಬಿಯನ್ನು ಶೌಚಾಲಯದ ಗುಂಡಿಗೇ ಸುರಿಯಬೇಕು, ಅದೂ ಮನೆಯವರನ್ನು ಕೇಳಿ. ಹೊಳೆಗೆ, ಸಮುದ್ರಕ್ಕೆ, ಪೊದೆಗೆ ಸುರಿಯುವುದು ಅನ್ಯಾಯ. ನಾಳೆ ಅದೇ ಹೊಳೆಯಲ್ಲಿ ಅಲ್ಲಿಯವರು ಕಪ್ಪೆಚಿಪ್ಪು ಆರಿಸುತ್ತಾರೆ.

ಸ್ನಾನಕ್ಕೆ ಒಂದು ಉಪಾಯ ಇದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು, ಈ ಎರಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ನೀರಿನ ಶುದ್ಧತೆ, ಸುರಕ್ಷತೆ, ಸೌಕರ್ಯ ನೋಡಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಅಲ್ಲಿ ಶೌಚಾಲಯ, ಸ್ನಾನಕ್ಕೆ ಸಿಹಿನೀರು, ಜೀವರಕ್ಷಕರು ಇರುತ್ತಾರೆ. ನನ್ನ ಎರಡನೇ ಮತ್ತು ನಾಲ್ಕನೇ ರಾತ್ರಿ ಅವುಗಳ ಹತ್ತಿರವೇ ಬರುವುದು ಇದೇ ಕಾರಣಕ್ಕೆ.

7. ಮನೆ ಮುಂದೆ ಒಂದು ರಾತ್ರಿ

ಇದನ್ನು ಬಿಡುವವರೇ ಹೆಚ್ಚು. ಹೊರಡುವ ಮೂರು ದಿನ ಮುಂಚೆ ನಿಮ್ಮ ಮನೆ ಮುಂದೆ ವ್ಯಾನ್ ನಿಲ್ಲಿಸಿ, ಎಲ್ಲರೂ ಅದರಲ್ಲೇ ಒಂದು ರಾತ್ರಿ ಮಲಗಿ. ಅಡುಗೆಯೂ ಅದರಲ್ಲೇ. ಮನೆಯೊಳಗೆ ಹೋಗಿ ಏನೂ ತರಬಾರದು ಅಂತ ನಿಯಮ ಮಾಡಿಕೊಳ್ಳಿ. ಬೆಂಕಿಪೊಟ್ಟಣ ಇಲ್ಲ, ಚಾಕು ಇಲ್ಲ, ಅಜ್ಜಿಗೆ ಮೆಟ್ಟಿಲು ಎತ್ತರ, ಹುಡುಗನ ಕಾಲು ಬಾಗಿಲಿಗೆ ತಾಗುತ್ತದೆ. ಎಲ್ಲ ಅಲ್ಲೇ ಗೊತ್ತಾಗುತ್ತದೆ. ಬೆಳಗ್ಗೆ ಬ್ಯಾಟರಿ ಎಷ್ಟು ಇಳಿದಿದೆ ನೋಡಿ ಬರೆದಿಟ್ಟುಕೊಳ್ಳಿ.

ಅದೇ ವಾರ ಗ್ಯಾರೇಜಿನಲ್ಲಿ ಬ್ರೇಕ್ ಲೈನರ್, ಬ್ರೇಕ್ ಆಯಿಲ್, ಕೂಲೆಂಟ್, ಬೆಲ್ಟ್, ಟೈರು, ಸ್ಟೆಪ್ನಿ ನೋಡಿಸಿ. ಜಾಕ್ ಇದೆ ಅಂದರೆ ಸಾಲದು, ತುಂಬಿದ ವ್ಯಾನನ್ನು ಎತ್ತುತ್ತದಾ ನೋಡಿ.

8. ಘಾಟಿ ಇಳಿಯುವುದು

ಬೆಳಗ್ಗೆ ಮಂಜು ಸರಿದ ಮೇಲೆ ಇಳಿಯಿರಿ, ಕತ್ತಲಲ್ಲಿ ಬೇಡ. ಹಳೆಯ ಡ್ರೈವರುಗಳು ಹೇಳುವುದೇ ನಿಯಮ: ಏರಲು ಯಾವ ಗೇರೋ ಇಳಿಯಲೂ ಅದೇ ಗೇರು. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಹಾಕಬೇಡಿ. ನ್ಯೂಟ್ರಲ್ ಹಾಕಿ ಇಳಿಯುವುದು ಪ್ರಾಣಕ್ಕೇ ಕುತ್ತು. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ.

ಗಾಡಿ ಓಡುವಾಗ ಮಕ್ಕಳನ್ನು ಹಾಸಿಗೆ ಮೇಲೆ ಮಲಗಿಸುವುದು ಬೇಡ, ಬೆಲ್ಟ್ ಇರುವ ಸೀಟಿನಲ್ಲೇ ಕೂರಲಿ. ಹೊಟ್ಟೆ ತೊಳಸುವವರು ಮುಂದೆ ಕೂರಲಿ. ಘಾಟಿಯಲ್ಲಿ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಕೊಡುವುದು ನಿಲ್ಲಬೇಕು. ತಿಂಡಿಯ ಆಸೆಗೆ ರಸ್ತೆಗೆ ಬಂದು ಎಷ್ಟೋ ಚಕ್ರದ ಕೆಳಗೆ ಸಿಗುತ್ತವೆ.

ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಬೇರೆ ಯಾವ ಆಪತ್ತಿಗೂ 112. ಎರಡನ್ನೂ ಮಕ್ಕಳಿಗೂ ಹೇಳಿಕೊಡಿ.

9. ದಂಡೆಯಲ್ಲಿ

ವ್ಯಾನನ್ನು ಮರಳಿಗೆ ಇಳಿಸಬೇಡಿ. ಮೇಲೆ ಗಟ್ಟಿ ಕಾಣುವ ಮರಳು ಎರಡು ಟನ್ ಗಾಡಿಗೆ ಗಟ್ಟಿಯಲ್ಲ. ಚಕ್ರ ಹೂತ ಮೇಲೆ ಭರತ, ಅಂದರೆ ಕಡಲಿನ ಉಬ್ಬರ ಏರಿದರೆ ಉಪ್ಪುನೀರು ಎಂಜಿನ್ನಿಗೇ ಬರುತ್ತದೆ. ಹೊನ್ನಾವರದ ಕಡೆಯ ತೀರಗಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ ಅನ್ನುವುದೂ ನೆನಪಿರಲಿ.

ಸೂಳೆಕೆರೆಯಲ್ಲಿ, ಭದ್ರಾ ಕಾಲುವೆಯಲ್ಲಿ ಈಜಿದ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. ಅಲೆಗಳು ಮುರಿಯದೆ ನೀರು ಸಪಾಟಾಗಿ, ಸ್ವಲ್ಪ ಕಪ್ಪಾಗಿ ಕಾಣುವ ಪಟ್ಟಿ ಇದ್ದರೆ ಅಲ್ಲಿಯೇ ನೀರು ಒಳಕ್ಕೆ ಎಳೆಯುತ್ತಿರುತ್ತದೆ. ಶಾಂತ ಕಾಣುತ್ತದೆ ಅಂತ ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಕೋಲಾರ ಕಡೆಯ ನಾಲ್ಕು ಹುಡುಗಿಯರು ವಾಪಸ್ ಹೋಗಲಿಲ್ಲ. ಜೀವರಕ್ಷಕರ ಕಣ್ಣಳತೆಯಲ್ಲಿ, ಬಾವುಟ ಹೇಳಿದಂತೆ, ಮೊಣಕಾಲುದ್ದ ನೀರಿನಲ್ಲಿ ಆಡಿ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಎಲ್ಲರಿಗೂ ಅಲ್ಲೇ ನಿಲ್ಲಿಸುವ ಆಸೆ. ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಫೋಟೋಗೆ ಹಿಂದಕ್ಕೆ ಹೆಜ್ಜೆ ಇಡುವವರನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ, ಹಿಂದೆ ಲಾರಿಗಳು ಓಡುತ್ತಿರುತ್ತವೆ. ಪೂರ್ತಿ ರಸ್ತೆ ಬಿಟ್ಟು ಒಳಗೆ ನಿಲ್ಲಿಸಿ, ಎಡಬಾಗಿಲಿಂದ ಇಳಿಯಿರಿ. ಕಾಪುವಿನ ದೀಪಸ್ತಂಭ 1901ರದ್ದು, ಸಂಜೆ ಹೊತ್ತು ಮೇಲಕ್ಕೆ ಹತ್ತಲು ಬಿಡುತ್ತಾರೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಬೆಳಗ್ಗೆ ಎಂಟಕ್ಕೇ ಹೋಗಿ. ಕಾಳುಮೆಣಸಿನ ರಾಣಿ ಅಂತ ಹೆಸರಾದ ಚೆನ್ನಭೈರಾದೇವಿಯ ಕೋಟೆ ಅದು, ಹತ್ತರ ಮೇಲೆ ಕೆಂಪು ಕಲ್ಲು ಕಾಯುತ್ತದೆ. ಗೋಕರ್ಣದ ದಾರಿಯ ಸಾಣಿಕಟ್ಟೆಯಲ್ಲಿ ಬೇಸಿಗೆಯೇ ಉಪ್ಪಿನ ಕಾಲ, ಗದ್ದೆಗಳಲ್ಲಿ ಬಿಳಿ ಗುಪ್ಪೆಗಳು ಸಾಲಾಗಿ ಕೂತಿರುತ್ತವೆ. ಮಕ್ಕಳಿಗೆ ಖಂಡಿತ ತೋರಿಸಿ.

10. ಮನೆಗೆ ಬಂದ ಮೇಲೆ

ಮಾರನೇ ದಿನವೇ ಸರ್ವಿಸ್ ಸ್ಟೇಷನ್ನಿಗೆ ಬಿಡಿ. ಮೇಲೆ ತೊಳೆದರೆ ಸಾಲದು, ರ‍್ಯಾಂಪ್ ಮೇಲೆ ಹತ್ತಿಸಿ ಕೆಳಭಾಗಕ್ಕೆ ಸಿಹಿನೀರು ಹೊಡೆಸಿ. ಆರು ದಿನದ ಉಪ್ಪುಗಾಳಿ ಚಾಸಿಸ್ ಸಂದಿಯಲ್ಲಿ ಕೂತಿರುತ್ತದೆ, ನಮ್ಮ ಒಣ ಹವೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ಮೊದಲ ಮಳೆಗೆ ತುಕ್ಕು ಎದ್ದು ಬರುತ್ತದೆ. ಬ್ಯಾಟರಿ ತುದಿಗಳನ್ನು ಒರೆಸಿ ಗ್ರೀಸ್ ಹಚ್ಚಿ. ಜಾರು ಬಾಗಿಲಿನ ಹಳಿಯಲ್ಲಿ ಮರಳು ಉಳಿದಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಕೈಯಲ್ಲಿ ಎಳೆದಾಗ ಕರಕರ ಅನ್ನದೆ ಬಾಗಿಲು ಸರಿಯುವವರೆಗೆ ಗ್ರೀಸ್ ಹಾಕಬೇಡಿ, ಮರಳಿಗೆ ಗ್ರೀಸ್ ಸೇರಿದರೆ ಉಜ್ಜುವ ಕಾಗದದ ಹಾಗೆ ಹಳಿಯನ್ನೇ ತಿನ್ನುತ್ತದೆ.